ಕ್ಲಚ್ ಕೆಲಸ ಆದಮೇಲೆ ಹಳೇ ಕಾರಿನಲ್ಲಿ ನಡುಕ: ಶಾಫ್ಟ್ ಕೆಟ್ಟಿದೆಯಾ, ಕೂರಿಸಿದ್ದು ಕೆಟ್ಟಿದೆಯಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ದಾಟಿದ ಸೆಡಾನ್ ನನ್ನದು. ಇಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ನಡುವೆ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನ ತಿರುಗಾಟವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದ ಕೊಳವೆ. ಕಂಪನಿ ಹೆಸರು ಹೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ.

ಹೋದ ತಿಂಗಳು ಕ್ಲಚ್ ಹಾಕಿಸಿದೆ. ಗೇರ್‌ಬಾಕ್ಸ್ ಇಳಿಸಬೇಕಾದರೆ ಶಾಫ್ಟ್ ಬಿಚ್ಚಲೇಬೇಕು. ಹೇಗೂ ಬಿಚ್ಚಿದ್ದಾರಲ್ಲ ಅಂತ ಮೂರು ಕ್ರಾಸ್ (ಶಾಫ್ಟಿನ ಬಾಗುವ ಜಾಯಿಂಟುಗಳಲ್ಲಿ ಕೂರುವ ಕೂಡು ಗುರುತಿನಾಕಾರದ ತುಂಡು), ಶಾಫ್ಟನ್ನು ನಡುವೆ ಬಾಡಿಗೆ ಹಿಡಿದಿಡುವ ಒಂದು ಸೆಂಟರ್ ಬೇರಿಂಗ್ ಹೊಸದು ಹಾಕಿಸಿದೆ. ಮುಂಚೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ ‘ಟಕ್’ ಅನ್ನುತ್ತಿತ್ತು, ಅಷ್ಟೇ. ಈಗ ಟಕ್ ಹೋಗಿದೆ, ನಡುಕ ಬಂದಿದೆ.

ಗಾಡಿ ಎತ್ತುವಾಗ 15ರಿಂದ 30 ಕಿ.ಮೀ. ವೇಗದಲ್ಲಿ ಸೀಟಿನ ಕೆಳಗೆ ‘ದಡದಡ’ ಅಂತ ಅದುರುತ್ತದೆ. ಆಮೇಲೆ ಶಾಂತ. ಮತ್ತೆ 75 ದಾಟಿದರೆ ಬೇರೆ ಥರ. ಸಣ್ಣಗೆ ‘ಗುಂಯ್’ ಅನ್ನುವ ನಡುಕ, ಕಾಲ ಕೆಳಗಿನ ನೆಲ ಜುಮ್ಮೆನ್ನುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ. ಗ್ಯಾರೇಜಿನವರನ್ನು ಕೇಳಿದರೆ ‘ಹಳೇ ಗಾಡಿ ಸಾರ್, ಇಷ್ಟೇ’ ಅಂದರು. ಆದರೆ ಒಳಗೆ ಬಿಡುವಾಗ ಇರಲಿಲ್ಲವಲ್ಲ, ಅಲ್ವಾ?

ಗುಂಡಿರಸ್ತೆ:
ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸಿ. ನೂರಕ್ಕೆ ತೊಂಬತ್ತು ಸಲ ಟಯರೇ.

ಹಳೇಗಾಡಿ:
ಎರಡು ಸಲ ಮಾಡಿಸಿದೆ. ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿಯೂ ನೋಡಿದೆ. ನಡುಕ ಇದ್ದ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಮೂರನೇಗೇರ್:
ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್ ಸಮೇತ ಗಾಡಿ ಅಡ್ಡಡ್ಡ ಅಲ್ಲಾಡೋದು, ಕಾಲು ತೆಗೆದರೆ ನಿಲ್ಲೋದು. ಒಳಗಡೆ ಸಿವಿ ಜಾಯಿಂಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಬಾಗುವ ಕೀಲು) ಸವೆದಿತ್ತು. ಅದನ್ನು ನೋಡಿಸಿ.

ಸ್ಪ್ಯಾನರ್14:
ಮೂರನೇಗೇರ್ ಅವರೇ, ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ. ಅದರಲ್ಲಿ ಗೇರ್‌ಬಾಕ್ಸ್ ಕಡೆಯ ಜಾಯಿಂಟಿನೊಳಗೆ ಮೂರು ರೋಲರ್ ಇರುತ್ತವೆ. ಅವು ಓಡುವ ಕಾಲುವೆ ಸವೆದು ಗುಳಿ ಬಿದ್ದರೆ, ಲೋಡ್ ಬಿದ್ದಾಗ ಮಾತ್ರ ನೀವು ಹೇಳಿದ ಅಲ್ಲಾಟ ಬರುತ್ತದೆ. ತಿರುವಿನಲ್ಲಿ ‘ಕಟಕಟ’ ಅಂದರೆ ಚಕ್ರದ ಕಡೆಯ ಜಾಯಿಂಟ್. ಇವರದ್ದು ಬೇರೆ ಕಥೆ. ಗಾಡಿ ಉದ್ದಕ್ಕೂ ಒಂದು ಕೊಳವೆ ತಿರುಗುತ್ತಿದೆ, ಅದನ್ನು ಮೂರು ಕಡೆ ಬಿಚ್ಚಿ ಜೋಡಿಸಿದ್ದಾರೆ.

ಹಳೇಗಾಡಿ ಅವರೇ, ಏನನ್ನೂ ಬಿಚ್ಚುವ ಮುಂಚೆ ಖಾಲಿ ರಸ್ತೆಯಲ್ಲಿ ಇಷ್ಟು ನೋಡಿ ಬನ್ನಿ.

80ರಲ್ಲಿ ನಾಲ್ಕನೇ ಗೇರ್, ಅದೇ 80ರಲ್ಲಿ ಐದನೇ ಗೇರ್. ನಡುಕ ಬದಲಾದರೆ ಇಂಜಿನ್ ಕಡೆ ನೋಡಬೇಕು. ಹಾಗೇ ಇದ್ದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹುಡುಕಬೇಕು.

ಆಮೇಲೆ 85ಕ್ಕೆ ಹೋಗಿ ನ್ಯೂಟ್ರಲ್ ಮಾಡಿ ಬಿಡಿ. ಕೀ ಮಾತ್ರ ಆಫ್ ಮಾಡಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕ್ ಗಟ್ಟಿಯಾಗುತ್ತದೆ. ಗಾಡಿ ತಾನಾಗಿ ನಿಧಾನ ಆಗುವಾಗ ನಡುಕ ಯಾವ ವೇಗದಲ್ಲಿ ಹೋಯಿತು ಅಂತ ಬರೆದುಕೊಳ್ಳಿ.

20ರ ದಡದಡಕ್ಕೆ ಒಂದು ಸಲ ಮೆಲ್ಲಗೆ ಎತ್ತಿ, ಇನ್ನೊಂದು ಸಲ ಜೋರಾಗಿ ಎತ್ತಿ. ವ್ಯತ್ಯಾಸ ಹೇಳಿ.

ಹಳೇಗಾಡಿ:
ಬೆಳಿಗ್ಗೆ ಹೋಗಿ ಬಂದೆ. 80ರಲ್ಲಿ ನಾಲ್ಕಾದರೂ ಐದಾದರೂ ಒಂದೇ ನಡುಕ. ನ್ಯೂಟ್ರಲ್‌ನಲ್ಲೂ ಇದೆ, 70ಕ್ಕೆ ಬಂದಾಗ ಹೋಯಿತು. 20ರ ದಡದಡ ಮಾತ್ರ ಹಾಗಲ್ಲ. ಮೆಲ್ಲಗೆ ಎತ್ತಿದರೆ ಗೊತ್ತೇ ಆಗುವುದಿಲ್ಲ, ಜೋರಾಗಿ ಎತ್ತಿದರೆ ಡ್ಯಾಶ್‌ಬೋರ್ಡ್ ಕೂಡ ಕುಣಿಯುತ್ತದೆ. 20ರಲ್ಲಿ ನ್ಯೂಟ್ರಲ್ ಮಾಡಿದರೆ ಪೂರ್ತಿ ಶಾಂತ.

ಲೆಕ್ಕದಮೇಷ್ಟ್ರು:
ಇದು ಒಂದು ಕಾಯಿಲೆ ಅಲ್ಲ, ಎರಡು ಇರಬಹುದು ಅನ್ನಿಸುತ್ತಿದೆ. ಟಯರ್ ಅಳತೆ ಮತ್ತು ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬಿ) ರೇಷಿಯೋ ಕೊಡಿ, ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಅಂತ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಸೀಟಿನ ಹಳಿಗೆ ಬಿಗಿಯಾಗಿ ಟೇಪ್ ಸುತ್ತಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೋಗಿ, ಓಡಿಸುವವರು ಫೋನ್ ನೋಡಬಾರದು. ವೇಗವನ್ನು ಜಿಪಿಎಸ್‌ನಲ್ಲಿ ತೆಗೆದುಕೊಳ್ಳಿ, ಮೀಟರ್ ಸಾಮಾನ್ಯವಾಗಿ ಒಂದಿಷ್ಟು ಜಾಸ್ತಿ ತೋರಿಸುತ್ತದೆ.

ಇನ್ನೊಂದು ಮಾತು. ಎಷ್ಟೋ ಫೋನುಗಳು ಸೆಕೆಂಡಿಗೆ 100 ಸಲ ಮಾತ್ರ ಅಳೆಯುತ್ತವೆ. ಅಂಥದರಲ್ಲಿ 50 ಹರ್ಟ್ಸ್‌ಗಿಂತ (ಸೆಕೆಂಡಿಗೆ 50 ಸಲ ಅದುರುವುದಕ್ಕಿಂತ) ಮೇಲಿನದು ಸುಳ್ಳು ಅಂಕಿಯಾಗಿ ಕಾಣಿಸುತ್ತದೆ. ಆ್ಯಪಿನ ಸೆಟ್ಟಿಂಗ್‌ನಲ್ಲಿ ಅದು ಎಷ್ಟಿದೆ ಅಂತ ನೋಡಿಕೊಳ್ಳಿ.

ಹಳೇಗಾಡಿ:
ಟಯರ್ 185/70 ಆರ್13. ರೇಷಿಯೋ 3.9. ನನ್ನ ಫೋನ್ ಸೆಕೆಂಡಿಗೆ 200 ಸಲ ಅಳೆಯುತ್ತದೆ ಅಂತ ತೋರಿಸಿತು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದೆ. 80ರಲ್ಲಿ ದೊಡ್ಡ ಗೆರೆ 47 ಹರ್ಟ್ಸ್ ಹತ್ತಿರ. 20ರಲ್ಲಿ ಜೋರಾಗಿ ಎತ್ತಿದಾಗ 23, 24ರ ಹತ್ತಿರ ಗೆರೆ ಎದ್ದಿತು. ಇದರಿಂದ ಏನು ತಿಳಿಯುತ್ತದೆ ಮೇಷ್ಟ್ರೇ?

ಲೆಕ್ಕದಮೇಷ್ಟ್ರು:
ಬಹಳ ತಿಳಿಯುತ್ತದೆ. ನಿಮ್ಮ ಟಯರಿನ ಸುತ್ತಳತೆ ಸುಮಾರು 1.85 ಮೀಟರ್. 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ 12 ಸುತ್ತು. ಟಯರ್ ತಪ್ಪಾಗಿದ್ದರೆ ಗೆರೆ 12ರಲ್ಲಿ ಏಳಬೇಕಿತ್ತು. ಶಾಫ್ಟ್ ಚಕ್ರದ 3.9 ಪಟ್ಟು ತಿರುಗುತ್ತದೆ, ಅಂದರೆ ಸೆಕೆಂಡಿಗೆ 47 ಸುತ್ತು. ನಿಮ್ಮ ಗೆರೆ ಇರುವುದು ಅಲ್ಲೇ. ಇಷ್ಟು ದಿನ ಟಯರ್ ಬ್ಯಾಲೆನ್ಸ್ ಮಾಡಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಶಾಫ್ಟ್ ಒಂದು ಸಲ ಸುತ್ತಿದಾಗ ಒಂದು ಹೊಡೆತ ಅಂದರೆ ತೂಕ ಒಂದು ಪಕ್ಕಕ್ಕೆ ಜಾಸ್ತಿ ಇದೆ ಅಂತ. ಕೊಳವೆ ಬಗ್ಗಿರಬಹುದು, ಫ್ಲಾಂಜ್ (ಶಾಫ್ಟಿನ ತುದಿಯನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಸೊಟ್ಟ ಕೂತಿರಬಹುದು, ಕ್ರಾಸ್ ಮಧ್ಯಕ್ಕೆ ಬಂದಿರದೆ ಇರಬಹುದು, ಬ್ಯಾಲೆನ್ಸ್ ತುಂಡು ಉದುರಿರಬಹುದು.

ಈಗ 20 ನೋಡಿ. ಅಲ್ಲಿ ಚಕ್ರ ಸೆಕೆಂಡಿಗೆ 3 ಸುತ್ತು, ಶಾಫ್ಟ್ 11.7. ನಿಮಗೆ ಸಿಕ್ಕಿದ್ದು 23, 24. ಸರಿಯಾಗಿ ಎರಡರಷ್ಟು. ಒಂದು ಸಲ ಸುತ್ತಿದಾಗ ಎರಡು ಹೊಡೆತ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಜಾಯಿಂಟಿನ ಕೋನ.

ಯಾಕೆ ಅಂದರೆ, ಕ್ರಾಸ್ ಇರುವ ಜಾಯಿಂಟ್ ಓರೆಯಾಗಿ ತಿರುಗಿದಾಗ ಈ ಕಡೆ ಒಂದೇ ಸಮ ತಿರುಗಿದರೂ ಆ ಕಡೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ, ಎರಡು ಸಲ ಹಿಂದೆ ಬೀಳುತ್ತದೆ. 2 ಡಿಗ್ರಿ ಓರೆಗೆ ಈ ಏರಿಳಿತ ಶೇಕಡಾ 0.06, ಲೆಕ್ಕಕ್ಕೇ ಇಲ್ಲ. 5 ಡಿಗ್ರಿಗೆ ಶೇಕಡಾ 0.4 ಆಗುತ್ತದೆ. ಕೋನ ದುಪ್ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು. ಒಂದು ಜಾಯಿಂಟ್ ಮಾಡಿದ ತಪ್ಪನ್ನು ಮುಂದಿನ ಜಾಯಿಂಟ್ ತಿದ್ದಬೇಕು, ಅದಕ್ಕೆ ಎರಡರ ಕೋನವೂ ಹೊಂದಬೇಕು. ಗಾಡಿ ಎತ್ತುವಾಗ ಹಿಂದಿನ ಹೌಸಿಂಗ್ ಮೂತಿ ಮೇಲೆತ್ತುತ್ತದೆ, ಆಗ ಕೋನ ಇನ್ನಷ್ಟು ಕೆಡುತ್ತದೆ. ನಿಮ್ಮ ದಡದಡ ಲೋಡ್ ಬಿದ್ದಾಗ ಮಾತ್ರ ಬರುವುದು ಇದಕ್ಕೇ.

ಶಾಫ್ಟಕ್ಕ:
ಮೇಷ್ಟ್ರು ಹೇಳಿದ್ದು ಸರಿ. ನಾನು ಶಾಫ್ಟ್ ಬ್ಯಾಲೆನ್ಸಿಂಗ್ ಮಷಿನ್ ಮುಂದೆ ಹನ್ನೊಂದು ವರ್ಷದಿಂದ ನಿಂತಿದ್ದೇನೆ. ರಿಪೇರಿ ಆದಮೇಲೆ ಬಂದ ನಡುಕಕ್ಕೆ ನನ್ನ ಪದ್ಧತಿ ಒಂದೇ. ಕೈ ಬಿದ್ದ ಜಾಗದಲ್ಲೇ ಹುಡುಕುವುದು. ಗಾಡಿಗೆ ಮೂವತ್ತು ವರ್ಷ ಆಗಿರಬಹುದು, ನಡುಕಕ್ಕೆ ಒಂದು ತಿಂಗಳು.

ಗಾಡಿಯನ್ನು ಗುಂಡಿಯ ಮೇಲೆ ಅಥವಾ ಚಕ್ರದ ಮೇಲೆ ಭಾರ ಇರುವ ಲಿಫ್ಟ್ ಮೇಲೆ ನಿಲ್ಲಿಸಿ. ಚಕ್ರ ಜೋತುಬಿದ್ದರೆ ಕೋನ ಅಳೆದು ಪ್ರಯೋಜನ ಇಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ಹೋಗಬೇಡಿ.

ಮೊದಲು ಸೆಂಟರ್ ಬೇರಿಂಗಿನ ಬ್ರಾಕೆಟ್ ನೋಡಿ. ಬ್ರಾಕೆಟ್ಟಿಗೂ ಬಾಡಿಗೂ ನಡುವೆ ಪ್ಯಾಕಿಂಗ್ ತುಂಡು ಇತ್ತಾ, ಈಗ ಇದೆಯಾ? ಹೊಸ ಬೇರಿಂಗಿನ ರಬ್ಬರ್ ತಿರುಚಿಕೊಂಡಿದೆಯಾ? ಕೆಲವು ಗಾಡಿಗಳಲ್ಲಿ ಬ್ರಾಕೆಟ್ಟನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಒತ್ತಿ ಬಿಗಿಯಬೇಕು, ನಿಮ್ಮ ಮ್ಯಾನುವಲ್‌ನಲ್ಲಿ ಹಾಗೇನಾದರೂ ಇದೆಯಾ ನೋಡಿ. ಗೇರ್‌ಬಾಕ್ಸ್ ಮೌಂಟ್ ಹೊಸದು ಹಾಕಿದ್ದರೆ ಅದನ್ನೂ ಹೇಳಿ. ಗೇರ್‌ಬಾಕ್ಸಿನ ಬಾಲ ಮೇಲೆ ಹೋದರೂ ಕೋನ ಕೆಡುತ್ತದೆ.

ಆಮೇಲೆ ನಡುವಿನ ಸ್ಪ್ಲೈನ್, ಅಂದರೆ ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ. ಹಿಂದಿನ ತುಂಡಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿ ಇರಬೇಕು. ಒಂದು ಹಲ್ಲು ಆಚೀಚೆ ಆದರೂ ತಪ್ಪೇ. ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ನಡುವಿನ ಹೊಂದಾಣಿಕೆ ಗಾಡಿಯಿಂದ ಗಾಡಿಗೆ ಬೇರೆ, ಅದಕ್ಕೆ ಪಂಚ್ ಗುರುತು ಹುಡುಕಿ.

ಬ್ಯಾಲೆನ್ಸಿಗೆ ಅಂತ ಕೊಳವೆ ಮೇಲೆ ಚಿಕ್ಕ ಚೌಕದ ತಗಡು ಬೆಸುಗೆ ಹಾಕಿರುತ್ತಾರೆ. ಅದು ಉದುರಿದ್ದರೆ ಬೆಸುಗೆಯ ಕಲೆ ಉಳಿದಿರುತ್ತದೆ. ತುಕ್ಕು ಹಿಡಿಯಬಾರದು ಅಂತ ಅಡಿಗೆ ಟಾರ್ ಹೊಡೆಸಿದವರು ಶಾಫ್ಟಿಗೂ ಹೊಡೆಸಿ, ತೂಕ ಏರುಪೇರಾಗಿ ನಮ್ಮ ಹತ್ತಿರ ಬಂದದ್ದು ಒಂದೆರಡು ಸಲ ಅಲ್ಲ. ಸೀಮೆಎಣ್ಣೆಯಲ್ಲಿ ಒರೆಸಿ ಕಳಿಸಿದ್ದೇವೆ.

ಗುಂಡಿರಸ್ತೆ:
ಇಷ್ಟೆಲ್ಲ ಯಾಕೆ? ಶಾಫ್ಟಿಗೆ ಎರಡು ಹೋಸ್ ಕ್ಲಿಪ್ ಸುತ್ತಿ, ನಡುಕ ಕಡಿಮೆ ಆಗುವ ತನಕ ತಿರುಗಿಸುತ್ತಾ ಹೋದರೆ ಆಯಿತು. ನಾನು ಮಾಡಿದ್ದೇನೆ, ಕೆಲಸ ಮಾಡುತ್ತದೆ.

ಶಾಫ್ಟಕ್ಕ:
ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಕ್ಲಿಪ್ಪಿನ ತಿರುಪು ತಲೆಯೇ ತೂಕ. ಎರಡೂ ತಲೆ ಒಟ್ಟಿಗಿದ್ದರೆ ಪೂರ್ತಿ ತೂಕ, ಎದುರುಬದುರು ಇಟ್ಟರೆ ಸೊನ್ನೆ, ನಡುವೆ ಬೇಕಾದಷ್ಟು. ಆದರೆ ಅದು ಕೊನೆಯಲ್ಲಿ. ಸೊಟ್ಟ ಕೂತ ಜಾಯಿಂಟಿಗೆ ಕ್ಲಿಪ್ ಕಟ್ಟಿ ನಡುಕ ಮುಚ್ಚಿದರೆ, ಜಾಯಿಂಟ್ ಒಳಗೊಳಗೇ ಸಾಯುತ್ತದೆ. ಜೊತೆಗೆ ಸ್ಟ್ಯಾಂಡ್ ಮೇಲೆ ಗಾಡಿ ಏರಿಸಿ ಗೇರಿನಲ್ಲಿ ಓಡಿಸುತ್ತಾ ಕೆಳಗೆ ಇಣುಕುವ ಜನ ಇದ್ದಾರೆ. ಕ್ಲಿಪ್ ಕಟ್ಟಿದರೆ ರಸ್ತೆಯಲ್ಲಿ ಓಡಿಸಿ ನೋಡಿ, ವಾಪಸ್ ಬಂದು ಇಂಜಿನ್ ನಿಲ್ಲಿಸಿ ತಿರುಗಿಸಿ. ಇಂಜಿನ್ ಓಡುವಾಗ ಕೆಳಗೆ ಯಾರೂ ಇರಬಾರದು.

ಹಳೇಗಾಡಿ:
ಅಕ್ಕಾ, ನಿಮ್ಮ ಮಾತು ಓದಿ ಡಿಕ್ಕಿ ತೆಗೆದೆ. ಗ್ಯಾರೇಜಿನವರು ಹಳೇ ಸಾಮಾನು ಒಂದು ಚೀಲದಲ್ಲಿ ಕಟ್ಟಿಕೊಟ್ಟಿದ್ದರು, ಬಿಚ್ಚಿಯೇ ಇರಲಿಲ್ಲ. ಹಳೇ ಕ್ರಾಸ್ ಮೂರು, ರಬ್ಬರ್ ಹರಿದ ಸೆಂಟರ್ ಬೇರಿಂಗ್, ತಳದಲ್ಲಿ ಕೆಸರು ಮೆತ್ತಿದ ಎರಡು ಕಬ್ಬಿಣದ ತುಂಡು. ನಡುವೆ ಬೋಲ್ಟ್ ಹೋಗುವ ತೂತು. ಕೆರೆದು ವರ್ನಿಯರ್ ಹಿಡಿದರೆ ಎರಡೂ 9 ಮಿ.ಮೀ. ದಪ್ಪ. ಗುಂಡಿಗೆ ಇಳಿದು ಟಾರ್ಚ್ ಬಿಟ್ಟು ನೋಡಿದೆ. ಬಾಡಿಯ ಮೇಲೆ ಅದೇ ಅಳತೆಯ ಎರಡು ಕಲೆ, ಸುತ್ತ ತುಕ್ಕು, ಒಳಗೆ ಮೂಲ ಬಣ್ಣ ಹೊಳೆಯುತ್ತಿದೆ. ಮೂವತ್ತು ವರ್ಷ ಅಲ್ಲೇ ಕೂತಿದ್ದ ತುಂಡುಗಳು ಈಗ ನನ್ನ ಕೈಯಲ್ಲಿವೆ!

ಪಂಚ್ ಗುರುತು ಸಿಕ್ಕಿತು, ಸರಿಯಾಗಿ ಹೊಂದಿದೆ. ಮೌಂಟ್ ಹಳೆಯದೇ. ಬ್ಯಾಲೆನ್ಸ್ ತಗಡು ನಾಲ್ಕೂ ಇವೆ, ಉದುರಿದ ಕಲೆ ಇಲ್ಲ.

ಸ್ಪ್ಯಾನರ್14:
ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಕೋನ ಅಳೆಯಿರಿ. ಫೋನಿನ ಮಟ್ಟ ತೋರಿಸುವ ಆ್ಯಪ್ ಸಾಕು. ಕೊಳವೆ ಮೇಲಿನ ಕೆಸರು ಒರೆಸಿ, ಫೋನನ್ನು ಉದ್ದಕ್ಕೆ ಇಡಿ. ಎರಡು ಕೊಳವೆಯ ಓರೆಯ ವ್ಯತ್ಯಾಸವೇ ನಡು ಜಾಯಿಂಟಿನ ಕೋನ.

ಹಳೇಗಾಡಿ:
ಮೊದಲು 4.3 ಡಿಗ್ರಿ ಇತ್ತು. ತುಂಡು ಹಾಕಿದ ಮೇಲೆ 2.8. ರಸ್ತೆಗೆ ತೆಗೆದುಕೊಂಡು ಹೋಗಿ ಕ್ಲಚ್ ಬಿಟ್ಟು ಜೋರಾಗಿ ಎತ್ತಿದೆ. 20ರ ದಡದಡ ಇಲ್ಲವೇ ಇಲ್ಲ. ಇನ್ನೊಮ್ಮೆ ಎತ್ತಿದೆ, ಮತ್ತೊಮ್ಮೆ ಎತ್ತಿದೆ. ಸುಮ್ನೆ ಖುಷಿಗೆ.

80ರ ಗುಂಯ್ ಮಾತ್ರ ಹಾಗೇ ಇದೆ. 47ರ ಗೆರೆ ಒಂದು ಚೂರೂ ಇಳಿದಿಲ್ಲ.

ಲೆಕ್ಕದಮೇಷ್ಟ್ರು:
ಲೆಕ್ಕ ಹೊಂದುತ್ತದೆ. ನಿಮ್ಮ ಮುಂದಿನ ತುಂಡು ಸುಮಾರು 60 ಸೆಂ.ಮೀ., ಹಿಂದಿನದು 75 ಸೆಂ.ಮೀ. ಅಂತ ಇಟ್ಟುಕೊಳ್ಳಿ. ನಡುವೆ 9 ಮಿ.ಮೀ. ಇಳಿಸಿದರೆ ಒಂದು 0.86 ಡಿಗ್ರಿ, ಇನ್ನೊಂದು 0.69 ಡಿಗ್ರಿ ವಾಲುತ್ತದೆ. ಕೂಡಿದರೆ ಒಂದೂವರೆ. ನಿಮಗೆ ಸಿಕ್ಕಿದ್ದೂ ಅಷ್ಟೇ. ಮೊದಲ ಕಾಯಿಲೆ ಮುಗಿಯಿತು. ಎರಡನೆಯದು ಬೇರೆ ಅಂತ ಈಗ ಖಾತ್ರಿಯಾಯಿತು.

ಸ್ಪ್ಯಾನರ್14:
ಹಿಂದಿನ ಫ್ಲಾಂಜಿನ ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ. ಈಗ ಇರುವ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಳ್ಳಿ.

ಹಳೇಗಾಡಿ:
ತಿರುಗಿಸಿದೆ. ಇನ್ನೂ ಜಾಸ್ತಿ ಆಯಿತು! ಕನ್ನಡಿ ನೋಡಲು ಆಗಲಿಲ್ಲ. ವಾಪಸ್ ಮೊದಲಿನ ಜಾಗಕ್ಕೇ ಹಾಕಿದೆ.

ಶಾಫ್ಟಕ್ಕ:
ಹಾಗಾದರೆ ಫ್ಲಾಂಜ್ ಮೊದಲೇ ಸರಿಯಾದ ಜಾಗದಲ್ಲಿತ್ತು. ಈಗ ಶಾಫ್ಟ್ ಇಳಿಸಿ. ಇಳಿಸುವ ಮುಂಚೆ ಎಲ್ಲ ಜೋಡಿಗೂ ಗುರುತು ಹಾಕಿ. ಬೆಂಚಿನ ಮೇಲೆ ಇಟ್ಟು ಒಂದೊಂದು ಜಾಯಿಂಟನ್ನೂ ಕೈಯಲ್ಲಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬಾಗಿಸಿ. ಹೊಸ ಜಾಯಿಂಟ್ ಸ್ವಲ್ಪ ಬಿಗಿ ಇರುತ್ತದೆ, ಆದರೆ ನಾಲ್ಕೂ ದಿಕ್ಕಿಗೆ ಒಂದೇ ಬಿಗಿ ಇರಬೇಕು. ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದಕ್ಕೆ ಕಲ್ಲಿನ ಹಾಗಿದ್ದರೆ ಅಲ್ಲೇ ನಿಲ್ಲಿ. ಕ್ರಾಸಿನ ಕಾಲುಗಳಿಗೆ ಹಾಕುವ ಬೇರಿಂಗ್ ಕಪ್ಪುಗಳ ಲಾಕ್ (ಕಪ್ ಹೊರಬರದಂತೆ ತಡೆಯುವ ತುಂಡು) ಯೋಕಿನ ತೋಡಿನೊಳಗೆ ಪೂರ್ತಿ ಇಳಿದಿದೆಯಾ ಅಂತ ಉಗುರು ಆಡಿಸಿ ನೋಡಿ.

ಹಳೇಗಾಡಿ:
ಸಿಕ್ಕಿತು.

ಮುಂದಿನ ಕ್ರಾಸ್, ನಡು ಕ್ರಾಸ್ ಎರಡೂ ಬೆಣ್ಣೆ ಥರ ಬಾಗುತ್ತವೆ. ಹಿಂದಿನ ಕ್ರಾಸ್ ಒಂದು ದಿಕ್ಕಿಗೆ ಆರಾಮ, ಇನ್ನೊಂದು ದಿಕ್ಕಿಗೆ ಎರಡೂ ಕೈ ಹಾಕಿ ಒತ್ತಬೇಕು. ಆ ದಿಕ್ಕಿನ ಒಂದು ಕಪ್ಪಿನ ಲಾಕ್ ಅರ್ಧ ಮಾತ್ರ ತೋಡಿನೊಳಗಿತ್ತು, ಇನ್ನರ್ಧ ಅಂಚಿನ ಮೇಲೆ ಓರೆಯಾಗಿ ಕೂತಿತ್ತು. ಅದರ ಮೇಲೆ ಸುತ್ತಿಗೆ ಏಟಿನ ಗುರುತು ಮೂರು ನಾಲ್ಕು. ಲಾಕ್ ತೆಗೆದು, ವೈಸ್‌ನಲ್ಲಿ ಇಟ್ಟು ಕಪ್ ಒತ್ತಿ ಹೊರಗೆ ತೆಗೆದೆ. ಗ್ರೀಸ್‌ನಲ್ಲಿ ಬೆಳ್ಳಿ ಪುಡಿ ಉದುರಿದ ಹಾಗೆ ಮಿಣುಕು. ಒರೆಸಿದರೆ ತಳದಲ್ಲಿ ಒಂದು ಸೂಜಿ (ಕಪ್ಪಿನ ಒಳಗೋಡೆಗೆ ಸಾಲಾಗಿ ನಿಲ್ಲುವ ಬೇರಿಂಗಿನ ಸಣ್ಣ ಕಡ್ಡಿ) ಅಡ್ಡ ಮಲಗಿ, ಮೂರು ತುಂಡಾಗಿ ಪುಡಿಪುಡಿ ಆಗಿದೆ. ಉಳಿದ ಮೂರು ಕಪ್ಪಿನಲ್ಲಿ ತಲಾ 24 ಸೂಜಿ ಎಣಿಸಿದೆ. ಇದರಲ್ಲಿ 23 ನಿಂತಿವೆ, ಒಂದು ಮಲಗಿದೆ.

ಶಾಫ್ಟಕ್ಕ:
ಅದೇ! ಕಪ್ ಒತ್ತುವಾಗ ಸೂಜಿ ಜಾರಿ ತಳಕ್ಕೆ ಬಿದ್ದಿದೆ. ಕಪ್ ಪೂರ್ತಿ ಇಳಿಯಲಿಲ್ಲ, ಲಾಕ್ ಕೂರಲಿಲ್ಲ. ಅಲ್ಲಿ ನಿಲ್ಲಿಸಿ ಬಿಚ್ಚಿ ನೋಡಬೇಕಿತ್ತು, ಸುತ್ತಿಗೆ ಎತ್ತಿದ್ದಾರೆ. ಆ ಲಾಕ್ ಓಡುವಾಗ ಹಾರಿದ್ದರೆ ಶಾಫ್ಟ್ ಕಳಚಿ ಕೆಳಗೆ ಬೀಳುತ್ತಿತ್ತು. ಬದುಕಿಕೊಂಡಿರಿ. ಆ ಕ್ರಾಸ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಯೋಕಿನ ತೂತು ಹಿಗ್ಗಿಲ್ಲ ತಾನೇ? ಹೊಸ ಕಪ್ ಕೈಯಲ್ಲಿ ಒತ್ತಿದರೆ ಸಲೀಸಾಗಿ ಒಳಗೆ ಹೋಗಬಾರದು.

ಲೆಕ್ಕದಮೇಷ್ಟ್ರು:
ಒಂದು ಸೂಜಿಗೆ ಇಷ್ಟು ನಡುಕವಾ ಅಂತ ಕೇಳುವವರಿಗೆ. ಶಾಫ್ಟಿನ ಹಿಂದಿನ ತುದಿಯ ಪಾಲಿಗೆ ಬರುವ ತೂಕ 4 ಕಿಲೋ ಅಂತ ಇಟ್ಟುಕೊಳ್ಳಿ. ಕ್ರಾಸ್ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಆ 4 ಕಿಲೋ ನಡುಗೆರೆ ಬಿಟ್ಟು ತಿರುಗುತ್ತದೆ. 70 ಮಿ.ಮೀ. ದಪ್ಪದ ಕೊಳವೆಗೆ ಹೊರಗಿನಿಂದ 28 ಗ್ರಾಂ ಸೀಸ ಅಂಟಿಸಿದಷ್ಟೇ ಅದು. 80 ಕಿ.ಮೀ. ವೇಗದಲ್ಲಿ ಆ ತಪ್ಪು ಸುಮಾರು 9 ಕಿಲೋ ಭಾರದಷ್ಟು ಎಳೆಯುತ್ತದೆ, ಅದೂ ಸೆಕೆಂಡಿಗೆ 47 ಸಲ ದಿಕ್ಕು ಸುತ್ತುತ್ತಾ. 40ರಲ್ಲಿ ಅದರ ಕಾಲು ಭಾಗ ಮಾತ್ರ. ಅದಕ್ಕೇ ಊರೊಳಗೆ ಓಡಿಸುವಾಗ ಗೊತ್ತಾಗುತ್ತಿರಲಿಲ್ಲ.

ಮೂರನೇಗೇರ್:
ನನ್ನ ಸಿವಿ ಜಾಯಿಂಟ್ ಸಲಹೆ ವಾಪಸ್ ತಗೊಂಡೆ. ಆದರೆ ಒಂದು ಪ್ರಶ್ನೆ. ಸೂಜಿ ಬೀಳದ ಹಾಗೆ ಕಪ್ ಹಾಕುವುದು ಹೇಗೆ?

ಶಾಫ್ಟಕ್ಕ:
ಗಟ್ಟಿ ಗ್ರೀಸ್ ಮೆತ್ತಿದರೆ ಸೂಜಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಒಂದು ಕಪ್ ಅರ್ಧ ಒತ್ತಿ, ಕ್ರಾಸಿನ ಕಾಲನ್ನು ಅದರೊಳಗೆ ನಿಲ್ಲಿಸಿ. ಎದುರಿನ ಕಪ್ ಇಟ್ಟು ಎರಡನ್ನೂ ವೈಸ್‌ನಲ್ಲಿ ಒಟ್ಟಿಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ನಡುನಡುವೆ ಕ್ರಾಸ್ ಆಡಿಸುತ್ತಿರಿ. ಸೂಜಿ ಬಿದ್ದರೆ ಕೈಗೆ ಆಗಲೇ ಗೊತ್ತಾಗುತ್ತದೆ. ಲಾಕ್ ಎರಡೂ ಕೂತ ಮೇಲೆ ಯೋಕಿನ ಕಿವಿಗೆ ತಾಮ್ರದ ಸುತ್ತಿಗೆಯಲ್ಲಿ ಒಂದೊಂದು ಏಟು ಕೊಡಿ. ಕಪ್ಪುಗಳು ಹೊರಕ್ಕೆ ಸರಿದು ಲಾಕಿಗೆ ಆತುಕೊಳ್ಳುತ್ತವೆ, ಜಾಯಿಂಟ್ ಸಡಿಲವಾಗುತ್ತದೆ.

ಹಳೇಗಾಡಿ:
ಹೊಸ ಕ್ರಾಸ್ ನಾನೇ ಹಾಕಿದೆ. ಮೊದಲನೇ ಸಲ ಒಂದು ಸೂಜಿ ಬಿತ್ತು, ಕೈಗೆ ಗೊತ್ತಾಯಿತು, ಬಿಚ್ಚಿ ಮತ್ತೆ ನಿಲ್ಲಿಸಿದೆ. ಫ್ಲಾಂಜಿಗೆ ಹೊಸ ನಟ್ಟು, ಬಿಗಿ ಮ್ಯಾನುವಲ್ ಹೇಳಿದಷ್ಟು. ಗುರುತಿಗೆ ಗುರುತು ಕೂರಿಸಿದೆ.

ನಿನ್ನೆ 80, ಆಮೇಲೆ 90. ತಮ್ಮ ಫೋನ್ ನೋಡುತ್ತಾ ‘47ರಲ್ಲಿ ಏನೂ ಇಲ್ಲ’ ಅಂದ. ಸಣ್ಣ ಗೆರೆ ಇದೆ, ಹುಡುಕಿದರೆ ಮಾತ್ರ ಕಾಣುತ್ತದೆ. ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದೇ ಕಾಣುತ್ತದೆ.

ಗುಂಡಿರಸ್ತೆ:
ಆ ಸಣ್ಣ ಗೆರೆಗೆ ಹೋಸ್ ಕ್ಲಿಪ್?

ಶಾಫ್ಟಕ್ಕ:
ಬಿಡಿ ಗುಂಡಿರಸ್ತೆ ಅವರೇ. ಸೀಟಿಗೆ ಗೊತ್ತಾಗದ್ದನ್ನು ಫೋನಿಗೋಸ್ಕರ ಸರಿಮಾಡಬೇಕಾಗಿಲ್ಲ.

ಹಳೇಗಾಡಿ:
ಈಗ ನಡುಕ ಹೋಗಿ ಸದ್ದು ಕಡಿಮೆಯಾದ ಮೇಲೆ, ಸ್ಪೀಡೋಮೀಟರ್ ಕೇಬಲ್ ‘ಕಿಚಿಕಿಚಿ’ ಅನ್ನುವುದು ಕೇಳಿಸುತ್ತಿದೆ. ಅದಕ್ಕೆ ಬೇರೆ ಪೋಸ್ಟ್ ಹಾಕುತ್ತೇನೆ.